ನಲಿಕಲಿ ಕೋಣೆಯಲ್ಲಿ ಕರಿಬೇವಿನ ಹುಳ

ಮೂರು ಸಲ ಸೋತೆ, ನಾಲ್ಕನೇ ಸಲ ಕೈಹಿಡಿಯಿತು. ಶಿಡ್ಲಘಟ್ಟ ಕಡೆಯ ಸರ್ಕಾರಿ ಶಾಲೆ, ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಆಡುತ್ತಾ ಕಲಿಯುವ ನಲಿಕಲಿ ಕೋಣೆ, 22 ಮಕ್ಕಳು. ಚಿಟ್ಟೆಯನ್ನು ಚಾರ್ಟಿನಲ್ಲಿ ತೋರಿಸಿ ತೋರಿಸಿ ನನಗೇ ಬೇಜಾರಾಗಿ, ಕರಿಬೇವಿನ ಎಲೆ ತಿನ್ನುವ ಚಿಟ್ಟೆ ಹುಳವನ್ನು ತರಗತಿಯಲ್ಲೇ ಸಾಕಲು ಹೊರಟೆ. "ಅಕ್ಷರ ಕಲಿಸೋದು ಬಿಟ್ಟು ಹುಳ ಸಾಕ್ತೀರಾ ಮೇಡಂ?" ಅಂತ ನಕ್ಕವರೇ ಜಾಸ್ತಿ.

ಮೊದಲ ಸಲ ಗಾಜಿನ ತೊಟ್ಟಿ ತಂದೆ. ಕೈಯಿಂದ ಸುಮಾರು 1,200 ರೂಪಾಯಿ ಹೋಯಿತು. ಮುಚ್ಚಳ ಹಾಕಿದ್ದಕ್ಕೆ ಒಳಗೆಲ್ಲ ತೇವ ಕೂತು, ಹಿಕ್ಕೆಗೆ ಬೂಷ್ಟು ಹಿಡಿದು, ಹುಳಗಳು ಕಪ್ಪಾಗಿ ಸತ್ತವು. ಎರಡನೇ ಸಲ ಶಾಲೆಯ ಕರಿಬೇವಿನ ಗಿಡ ಬೋಳಾಗಿತ್ತು. ಸಂತೆಯಿಂದ ಹತ್ತು ರೂಪಾಯಿ ಸೊಪ್ಪು ತಂದು ಹಾಕಿದೆ. ಬೆಳಗ್ಗೆ ನೋಡಿದರೆ ಏಳೂ ಹುಳ ಮಗುಚಿಕೊಂಡಿದ್ದವು. "ಔಷಧಿ ಹೊಡೆದ ಸೊಪ್ಪಾ ಮಿಸ್?" ಎಂದಳು ಎರಡನೇ ತರಗತಿ ಹುಡುಗಿ. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಕೇಳಬೇಕಾದವಳನ್ನು ನಾನು ಮೊದಲೇ ಕೇಳಿರಲಿಲ್ಲ.

ಮೂರನೇ ಸಲ ಐದು ಕೋಶದವರೆಗೆ ಬಂತು. ಒಂದು ದಿನ ಮೂರರಲ್ಲಿ ಸೂಜಿ ಚುಚ್ಚಿದಂಥ ತೂತು, ಸುತ್ತ ಚಿಕ್ಕ ಚಿಕ್ಕ ಕಣಜದ ಹುಳ. "ಊಜಿ ಬಿದ್ದಿದೆ!" ಅಂತ ಅರ್ಧ ಕ್ಲಾಸೇ ಕೂಗಿತು. ರೇಷ್ಮೆ ಹುಳಕ್ಕೆ ಬೀಳುವ ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಈಗ ನಮ್ಮ ಕಡೆ ಒಂದನೇ ತರಗತಿಗೂ ಅದರ ಹೆಸರು ಗೊತ್ತು. ಇದು ಊಜಿಯಲ್ಲ, ಆದರೆ ಒಳಗೇ ಬೆಳೆದು ತಿಂದು ಬರುವ ಬುದ್ಧಿ ಅದೇ. ಮರುದಿನ ಆ ಹುಡುಗಿ ಹಳೇ ಊಜಿ ಬಲೆ ತಂದಳು. ಅದರ ಕಣ್ಣು ಕಣಜಕ್ಕೆ ದೊಡ್ಡದು ಅನ್ನಿಸಿ ಮೇಲೆ ನನ್ನ ವಾಯಿಲ್ ಸೀರೆಯ ತುಂಡು ಸುತ್ತಿದೆ. ಒಡೆದ ಬಕೆಟ್, ಬಲೆ, ಸೀರೆ, ದಾರ. ಖರ್ಚು 30 ರೂಪಾಯಿ ಇರಬಹುದು. ಈ ನಾಲ್ಕನೇ ಸಲ ದೊಡ್ಡ ಹುಳ ಬಿಟ್ಟು ಮೊಟ್ಟೆಯನ್ನೇ ಎಲೆ ಸಮೇತ ತಂದೆ.

ಹಕ್ಕಿ ಹಿಕ್ಕೆಯಂತಿದ್ದ ಮರಿ ತಿನ್ನದೆ ಸುಮ್ನೆ ಕೂತಾಗ ನನಗೆ ಗಾಬರಿ. "ಜ್ವರಕ್ಕೆ ಕೂತಿದೆ, ಮುಟ್ಟಬೇಡಿ ಮಿಸ್." ಎಂದರು ಮಕ್ಕಳು. ರೇಷ್ಮೆಯವರ ಮಾತಲ್ಲಿ ಜ್ವರ ಅಂದರೆ ಹುಳ ಪೊರೆ ಬಿಡೋದು. ಆ ಪಾಠ ನಾನು ಮಾಡಲೇ ಇಲ್ಲ. ಕೊನೆಯ ಜ್ವರ ಕಳೆದು ಹುಳ ಹಸಿರಾದಾಗ ಕಾಲಿನ ಜಗಳ ಶುರುವಾಯಿತು. ಕೀಟಕ್ಕೆ 6 ಅಂತ ನಾನು, 16 ಅಂತ ಅವರು. ಅವರ ಎಣಿಕೆ ಸರಿಯೇ. ಮುಂದಿನ 6 ಮಾತ್ರ ನಿಜವಾದ ಕಾಲು, ಉಳಿದದ್ದು ಕಡ್ಡಿ ಹಿಡಿಯೋಕೆ. ಚಿಟ್ಟೆ ಬರಲಿ, ಆಗ ಎಣಿಸಿ ಅಂದೆ.

ಕಾಯುವಾಗ ಆ ದಂಡದ ತೊಟ್ಟಿಯ ಗಾಜಿನ ಮೇಲೆ ಬಸವನ ಹುಳು ಬಿಟ್ಟೆ. ಆಚೆ ಕಡೆಯಿಂದ ನೋಡಿದರೆ ಕಾಲೇ ಇಲ್ಲ, ಹೊಟ್ಟೆಯಡಿ ಅಲೆ ಅಲೆ. ಬಿಸಿಯೂಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. 1,200ರಲ್ಲಿ ಒಂದಿಷ್ಟು ವಸೂಲಾಯಿತು ಅಂದುಕೊಂಡೆ.

11 ಮೊಟ್ಟೆಯಲ್ಲಿ 8 ಚಿಟ್ಟೆ. ಹುಳ ಎರಡು ವಾರ, ಕೋಶ ಹತ್ತು ದಿನ, ಹೆಚ್ಚು ಕಡಿಮೆ. ಕೋಶ ಕಪ್ಪಾದ ಮರುದಿನ ಬೆಳಗ್ಗೆ ಚಿಟ್ಟೆ ಬರುತ್ತದೆ. ಅದು ಭಾನುವಾರ ಬರದ ಹಾಗೆ ನಾನೊಂದು ಉಪಾಯ ಮಾಡುತ್ತೇನೆ, ಅದನ್ನು ಮಾತ್ರ ಹೇಳಲ್ಲ. ಮೊದಲನೆಯದು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹೊರಬಿದ್ದು ರೆಕ್ಕೆ ಒಣಗಿಸುತ್ತಾ ನೇತಾಡುತ್ತಿತ್ತು. ನಕ್ಕಿದ್ದ ಮೇಷ್ಟ್ರೇ ಮುಂದೆ ಬಂದು ಬಗ್ಗಿ ಕಾಲು ಎಣಿಸುತ್ತಿದ್ದರು. "ಆರೇ ಸಾರ್" ಅಂದಳು ಹುಡುಗಿ, "ಸ್ವಲ್ಪ ಜರುಗಿ, ನಮಗೂ ಕಾಣಬೇಕು."