ಕಡಲತೀರದ ಹಾನಿಗೆ ಹಣದ ಲೆಕ್ಕ: ನಾನು ಹಾಕುವ ರೀತಿ

ಕರಾವಳಿಯ ಪರಿಸರ ಹಾನಿಯನ್ನು ಹಣದಲ್ಲಿ ಹೇಳಬೇಕಾದಾಗ ಬೆಲೆ ಹುಡುಕುವ ಕೆಲಸ ಕೊನೆಗೆ ಬರುತ್ತದೆ. ಈ ಹಾನಿ ಆಗದೇ ಇದ್ದಿದ್ದರೆ ಇವತ್ತು ಆ ತೀರ ಹೇಗಿರುತ್ತಿತ್ತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಹತ್ತು ವರ್ಷದ ಹಿಂದೆ ಹೇಗಿತ್ತು ಎಂಬ ಪ್ರಶ್ನೆಯೇ ಬೇರೆ. ಮೀನು ಕಡಿಮೆಯಾದದ್ದಕ್ಕೆ ಕೊಳಚೆ ನೀರು ಕಾರಣವಿರಬಹುದು, ದೋಣಿಗಳ ಸಂಖ್ಯೆ ದುಪ್ಪಟ್ಟಾದದ್ದೂ ಕಾರಣವಿರಬಹುದು. ಅದಕ್ಕೇ ಹಾನಿಗೊಳಗಾಗದ, ಆದರೆ ಉಳಿದ ವಿಷಯಗಳಲ್ಲಿ ಹತ್ತಿರ ಹತ್ತಿರ ಹಾಗೇ ಇರುವ ಇನ್ನೊಂದು ತೀರದ ಅಂಕಿಅಂಶವನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಇಲ್ಲಿ ಮೀನು ಶೇ. 40 ಇಳಿದು ಅಲ್ಲಿ ಶೇ. 15 ಇಳಿದಿದ್ದರೆ, ಮಾಲಿನ್ಯದ ತಲೆಗೆ ಕಟ್ಟಬಹುದಾದದ್ದು 25 ಅಂಶ ಮಾತ್ರ. 40 ಎಂದು ಬರೆದ ವರದಿ ಮೊದಲ ಪಾಟೀಸವಾಲಿಗೇ ಬಿದ್ದುಹೋಗುತ್ತದೆ.

ಕಡಲ್ಕೊರೆತದ ಲೆಕ್ಕಕ್ಕೆ ಉಪಗ್ರಹ ಚಿತ್ರಗಳು ಧಾರಾಳವಾಗಿ ಸಿಗುತ್ತವೆ. 1980ರ ದಶಕದಿಂದಲೂ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚಿತ್ರಗಳಿವೆ (ಚಿತ್ರದ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಅಷ್ಟು ಅಗಲ), 2015ರಿಂದ ಸೆಂಟಿನೆಲ್-2ರ 10 ಮೀಟರ್ ಚಿತ್ರಗಳಿವೆ. ಎರಡೂ ಪುಕ್ಕಟೆ. ತೊಂದರೆ ಇರುವುದು ಉಬ್ಬರ ಇಳಿತದಲ್ಲಿ. ತೀರದ ಇಳಿಜಾರು 50ಕ್ಕೆ 1 ಇದ್ದರೆ, ನೀರಿನ ಮಟ್ಟದಲ್ಲಿ ಒಂದು ಮೀಟರ್ ವ್ಯತ್ಯಾಸವಾದರೂ ನೀರಂಚು 50 ಮೀಟರ್ ಸರಿದಂತೆ ಕಾಣುತ್ತದೆ. ಒಂದು ಚಿತ್ರ ಇಳಿತದಲ್ಲಿ, ಇನ್ನೊಂದು ಉಬ್ಬರದಲ್ಲಿ ತೆಗೆದದ್ದಾದರೆ ಇಲ್ಲದ ಕೊರೆತ ಹುಟ್ಟಿಕೊಳ್ಳುತ್ತದೆ. ಮಳೆಗಾಲದ ಅಲೆ ಒಯ್ದ ಮರಳು ಬೇಸಿಗೆಯಲ್ಲಿ ತಾನಾಗಿ ಮರಳಿ ಬರುವುದೂ ಉಂಟು. ಹಾಗಾಗಿ ನೀರಂಚನ್ನು ಬಿಟ್ಟು ಗಿಡಬಳ್ಳಿ ಶುರುವಾಗುವ ಗೆರೆಯನ್ನು ಹಿಡಿಯುತ್ತೇನೆ, ಎಲ್ಲ ಚಿತ್ರಗಳನ್ನೂ ಒಂದೇ ತಿಂಗಳಿನವನ್ನು ಆರಿಸುತ್ತೇನೆ, 50 ಮೀಟರಿಗೊಂದರಂತೆ ಅಡ್ಡಗೆರೆ ಎಳೆದು ಅಳೆಯುತ್ತೇನೆ. ವರ್ಷಕ್ಕೆ ಅರ್ಧ ಮೀಟರ್ ಕೊರೆತ ಹತ್ತು ವರ್ಷಕ್ಕೆ 5 ಮೀಟರ್. ಅದು 10 ಮೀಟರಿನ ಒಂದು ಚುಕ್ಕೆಯೊಳಗೇ ಮುಗಿದುಹೋಗುತ್ತದೆ. ಇಂಥ ಕಡೆ ಎರಡೇ ಚಿತ್ರ ನೋಡಿ ದರ ಹೇಳುವಂತಿಲ್ಲ.

ಕಳೆದುಹೋದ ನೆಲಕ್ಕೆ ಸಮುದ್ರಕ್ಕೆ ಮುಖ ಮಾಡಿದ ನಿವೇಶನದ ದರ ಹಾಕುವುದು ಎಲ್ಲರೂ ಮಾಡುವ ತಪ್ಪು. ಮುಂದಿನ ಸಾಲಿನ ನಿವೇಶನ ನೀರುಪಾಲಾದರೆ ಹಿಂದಿನ ಸಾಲೇ ಮುಂದಿನ ಸಾಲಾಗುತ್ತದೆ, ಆ ಹೆಚ್ಚುವರಿ ಬೆಲೆಯೂ ಅದಕ್ಕೇ ಸರಿಯುತ್ತದೆ. ಒಬ್ಬ ಮಾಲೀಕ ಕಳೆದುಕೊಂಡ, ಇನ್ನೊಬ್ಬ ಗಳಿಸಿದ. ಇಡೀ ಊರಿಗೆ ನಿಜವಾಗಿ ಕಡಿಮೆಯಾದದ್ದು ಒಳನಾಡಿನ ದರದ ಅಷ್ಟು ಜಾಗ, ಜೊತೆಗೆ ಕಟ್ಟಡದ ಸವೆತ ಕಳೆದು ಉಳಿದ ಬೆಲೆ. ಆದರೆ ಹಿಂದೆ ಕಲ್ಲಿನ ತಡೆಗೋಡೆ ಇದ್ದರೆ ಈ ವಾದ ನಿಲ್ಲುವುದಿಲ್ಲ. ಅಲ್ಲಿ ಮರಳ ದಂಡೆಗೆ ಹಿಂದೆ ಸರಿಯಲು ಜಾಗವಿಲ್ಲ, ದಂಡೆಯೇ ಅಳಿಯುತ್ತದೆ. ದಂಡೆಯ ನಷ್ಟವನ್ನು ಬೇರೆಯಾಗಿ ಹಿಡಿಯಬೇಕು.

ಮೀನುಗಾರಿಕೆಯಲ್ಲಿ ತಪ್ಪು ಇನ್ನೊಂದು ದಿಕ್ಕಿನದು, ಇಲ್ಲಿ ನಷ್ಟ ಕಡಿಮೆ ಕಾಣುತ್ತದೆ. ಒಂದು ದೋಣಿಯ ಮಾಲು 100ಕ್ಕೆ ಹೋಗುತ್ತಿತ್ತು, ಡೀಸೆಲ್, ಐಸ್, ಬಲೆ ರಿಪೇರಿ, ಕೂಲಿಗೆ 60 ಖರ್ಚಾಗಿ 40 ಉಳಿಯುತ್ತಿತ್ತು ಎಂದಿಟ್ಟುಕೊಳ್ಳಿ. ಮೀನು ಶೇ. 30 ಇಳಿಯಿತು, ಮಾಲು 70ಕ್ಕೆ ಬಂತು. ಆದರೆ ದೋಣಿ ಮೀನು ಹುಡುಕಿಕೊಂಡು ಇನ್ನೂ ದೂರ ಹೋಗಬೇಕು, ಖರ್ಚು 66 ಆಯಿತು. ಉಳಿದದ್ದು 4. ಮೀನು ಇಳಿದದ್ದು ಶೇ. 30, ಉಳಿತಾಯ ಇಳಿದದ್ದು ಶೇ. 90. ಕಿಲೋ ಲೆಕ್ಕದಲ್ಲಿ ಮೀನಿಗೆ ದರ ಕಟ್ಟಿ ನಿಲ್ಲಿಸಿದರೆ ನಷ್ಟ 30 ಎಂದು ಬರುತ್ತದೆ, ನಿಜವಾಗಿ ಅದು 36. ಮಾಲು ಕಡಿಮೆ ಬಂದಾಗ ದರ ಏರಿದ್ದರೆ ಅದನ್ನೂ ನೋಡಬೇಕು: ಮೀನುಗಾರನಿಗೆ ಅಷ್ಟು ಸಮಾಧಾನ, ಕೊಳ್ಳುವವನಿಗೆ ಅಷ್ಟೇ ಹೊರೆ.

ಉಪ್ಪುನೀರಿನಲ್ಲಿ ಬೆಳೆದು ಅಲೆ ತಡೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದಾಗಿನ ಲೆಕ್ಕದಲ್ಲಿ ನಾನು ಹೆಚ್ಚು ಹೊತ್ತು ಕಳೆಯುತ್ತೇನೆ. ಸುಲಭದ ದಾರಿ, ಅಷ್ಟೇ ಉದ್ದದ ಕಾಂಕ್ರೀಟ್ ಗೋಡೆಗೆ ಎಷ್ಟಾಗುತ್ತದೋ ಅದೇ ಕಾಡಿನ ಬೆಲೆ ಎನ್ನುವುದು. ಅದು ಸಾಮಾನ್ಯವಾಗಿ ಉಬ್ಬಿದ ಅಂಕಿ. ಗೋಡೆ ಅದೇ ಕೆಲಸ ಮಾಡಬೇಕು, ಇದ್ದುದರಲ್ಲಿ ಅಗ್ಗದ್ದಾಗಿರಬೇಕು, ಕಾಡು ಇಲ್ಲವಾದರೆ ಜನ ನಿಜವಾಗಿಯೂ ದುಡ್ಡು ಹಾಕಿ ಅದನ್ನು ಕಟ್ಟಿಸುವಂತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ಅಂಕಿಯನ್ನು ಬಳಸುವಂತಿಲ್ಲ. ಅದರ ಬದಲು ನೆರೆ ಹಾನಿಯ ಲೆಕ್ಕವನ್ನು ಎರಡು ಸಲ ಮಾಡುತ್ತೇನೆ, ಕಾಡು ಇದ್ದಂತೆ ಒಮ್ಮೆ, ಇಲ್ಲದಂತೆ ಒಮ್ಮೆ. ಅವೇ ಚಂಡಮಾರುತಗಳು, ಅವೇ ಮನೆಗಳು.

ಅಂಕಿ ಹೀಗಿರಲಿ. ಕಾಡು ಇರುವಾಗ ಐದು ವರ್ಷಕ್ಕೊಮ್ಮೆ ಬರುವ ನೆರೆಯಿಂದ ಹಾನಿ ಇಲ್ಲ, ಹತ್ತು ವರ್ಷದ ನೆರೆಗೆ 20, ಐವತ್ತರದ್ದಕ್ಕೆ 80, ನೂರರದ್ದಕ್ಕೆ 140. ಐದು ವರ್ಷದ ನೆರೆ ಎಂದರೆ ಯಾವುದೇ ವರ್ಷ ಅದು ಬರುವ ಸಂಭವನೀಯತೆ 0.2, ಹತ್ತರದ್ದಕ್ಕೆ 0.1, ಹೀಗೆ. ಪ್ರತಿ ಎರಡು ಬಿಂದುಗಳ ನಡುವೆ ಸಂಭವನೀಯತೆಯ ಅಂತರವನ್ನು ಹಾನಿಯ ಸರಾಸರಿಯಿಂದ ಗುಣಿಸುತ್ತಾ ಹೋದರೆ 1, 4, 1.1 ಬರುತ್ತದೆ. ನೂರು ವರ್ಷದಾಚೆಯ ನೆರೆಗೂ 140ನ್ನೇ ಹಿಡಿದರೆ 1.4. ಒಟ್ಟು ವರ್ಷಕ್ಕೆ 7.5. ಕಾಡು ಹೋದ ಮೇಲೆ ಎರಡು ವರ್ಷದ ನೆರೆಯಲ್ಲೇ ನೀರು ಹೊಸ್ತಿಲಿಗೆ ಬರುತ್ತದೆ, ಹಾನಿ ಸೊನ್ನೆಯಿಂದ ಏರತೊಡಗುವುದು ಅಲ್ಲಿಂದಲೇ. ಹತ್ತು, ಐವತ್ತು, ನೂರು ವರ್ಷದ ನೆರೆಗಳ ಹಾನಿ 35, 110, 170ಕ್ಕೆ ಏರುತ್ತದೆ. ಅದೇ ಗುಣಾಕಾರದಲ್ಲಿ 7, 5.8, 1.4, 1.7, ಒಟ್ಟು 15.9. ಕಾಡು ಕಡಿದ ನಷ್ಟ ವರ್ಷಕ್ಕೆ 8.4.

ಆ 8.4ರಲ್ಲಿ 6 ಬಂದದ್ದು ಹತ್ತು ವರ್ಷಕ್ಕಿಂತ ಮೊದಲೇ ಬರುವ ಚಿಕ್ಕಪುಟ್ಟ ನೆರೆಗಳಿಂದ. ನೂರು ವರ್ಷದ ಚಂಡಮಾರುತ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ಆದರೆ ಅದರಾಚೆಯ ಪಾಲು ಇಲ್ಲಿ ಬರೀ 0.3. ಆದ್ದರಿಂದ ದೊಡ್ಡ ಚಂಡಮಾರುತವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡ ವರದಿ ಕಾಡಿನ ಬೆಲೆಯ ಬಹುಪಾಲನ್ನು ಕೈಬಿಟ್ಟಿರುತ್ತದೆ.

ಚಿಕ್ಕ ನೆರೆಯೇ ಮುಖ್ಯವಾದ ಮೇಲೆ ಅಳತೆ ಸೂಕ್ಷ್ಮವಾಗಿರಲೇಬೇಕು. 2000ರಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ನಕ್ಷೆಯನ್ನು ಇದಕ್ಕೆ ಬಳಸಬೇಡಿ. ಅದು ಮರದ ತುದಿ, ಮನೆಯ ಸೂರನ್ನೂ ನೆಲವೆಂದು ಓದುತ್ತದೆ, ಮೀಟರುಗಟ್ಟಲೆ ತಪ್ಪುತ್ತದೆ. ಒಂದು ಮೀಟರ್ ನೆರೆಯ ಲೆಕ್ಕಕ್ಕೆ ಅದು ಏನೂ ಪ್ರಯೋಜನವಿಲ್ಲ. ಸಾಧ್ಯವಾದರೆ ಲೇಸರ್ ಬೆಳಕಿನಿಂದ ಎತ್ತರ ಅಳೆದ ಲೈಡಾರ್ ನಕ್ಷೆ, ಇಲ್ಲದಿದ್ದರೆ ಟೇಪು ಹಿಡಿದು ಪ್ರತಿ ಮನೆಯ ಪಂಚಾಂಗದ ಎತ್ತರ ಅಳೆಯುವುದು. ಅದರಲ್ಲಿ 30 ಸೆಂಟಿಮೀಟರ್ ತಪ್ಪಿದರೂ ಎರಡು ವರ್ಷದ ನೆರೆಯಲ್ಲಿ ಯಾರ ಮನೆಯೊಳಗೆ ನೀರು ಹೊಕ್ಕಿತು ಎಂಬ ಪಟ್ಟಿಯೇ ಬದಲಾಗುತ್ತದೆ.

ಬಾವಿಗೆ ಉಪ್ಪುನೀರು ನುಗ್ಗಿದ್ದಕ್ಕೆ ಒಂದು ಸರಳ ಸೂತ್ರವಿದೆ. ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಪಂಪ್ ಮಾಡಿ ಮಟ್ಟ ಅರ್ಧ ಮೀಟರ್ ಇಳಿಸಿದರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರ್ ಮೇಲೇರುತ್ತದೆ. ಗದ್ದೆಗೆ ಆದ ನಷ್ಟಕ್ಕೆ ಮಣ್ಣಿನ ವಿದ್ಯುತ್ ವಾಹಕತೆ ಅಳೆಯಿರಿ. ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ. ಭತ್ತದ ಇಳುವರಿ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ ಮೇಲೆ ಪ್ರತಿ ಒಂದು ಡೆಸಿಸೀಮೆನ್ಸ್ ಏರಿಕೆಗೆ ಸುಮಾರು ಶೇ. 12 ಕುಸಿಯುತ್ತದೆ, 6ಕ್ಕೆ ಬಂದಾಗ ಮೂರನೇ ಒಂದು ಪಾಲು ಹೋಗಿರುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಖರ್ಚಿನ ಜೊತೆ ಕೊಡ ಹೊತ್ತು ನಡೆಯುವ ಹೊತ್ತನ್ನೂ ಸೇರಿಸಬೇಕು.

ಮುಂದಿನ ವರ್ಷಗಳ ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸುವ ಬಡ್ಡಿದರದ ಮೇಲೆಯೇ ಜಗಳ ಹೆಚ್ಚು. ಐವತ್ತು ವರ್ಷದ ನಂತರದ 100, ಶೇ. 3ರಲ್ಲಿ ಇವತ್ತಿಗೆ 22.8; ಶೇ. 6ರಲ್ಲಿ 5.4, ಶೇ. 10ರಲ್ಲಿ ಒಂದಕ್ಕಿಂತಲೂ ಕಡಿಮೆ. ಕಾಡು ಬೆಳೆಯಲು ದಶಕಗಳು ಬೇಕು, ಆ ಕಾಡು ಕಡಿದು ಮಾಡಿದ ಸಿಗಡಿ ಕೊಳದ ಲಾಭ ಮೊದಲ ಕೆಲವೇ ವರ್ಷಗಳಲ್ಲಿ ಬಂದುಬಿಡುತ್ತದೆ. ಹಾಗಾಗಿ ದೊಡ್ಡ ಬಡ್ಡಿದರ ಹಾಕಿದವನ ಲೆಕ್ಕದಲ್ಲಿ ಯಾವಾಗಲೂ ಕೊಳವೇ ಗೆಲ್ಲುತ್ತದೆ. ನಾನು ಮೂರೂ ದರಗಳಲ್ಲಿ ಮಾಡಿ ಮೂರನ್ನೂ ಮೇಜಿನ ಮೇಲಿಡುತ್ತೇನೆ.

ಆ ತೀರವನ್ನು ಎಂದೂ ನೋಡದವರೂ ಅದು ಉಳಿಯಲೆಂದು ಬಯಸುವುದಕ್ಕೆ ಬೆಲೆ ಇದೆಯೇ? 1989ರಲ್ಲಿ ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದಾದ ತೈಲ ಸೋರಿಕೆಯ ನಂತರ ಅಮೆರಿಕದ ಮನೆಗಳಲ್ಲಿ ಪ್ರಶ್ನಾವಳಿ ಹಿಡಿದು ಕೇಳಿ, ಸುಮಾರು 280 ಕೋಟಿ ಡಾಲರ್ ಎಂದು ಅಂದಾಜಿಸಿದರು. ಇದನ್ನು ನಂಬಬಹುದೇ ಎಂದು ಪರಿಶೀಲಿಸಲು ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೋ, ರಾಬರ್ಟ್ ಸೋಲೋ ಅವರ ಸಮಿತಿ ಕೂತಿತು. ಎಷ್ಟು ಕೊಡುತ್ತೀರಿ ಎಂದು ಬಾಯಿಬಿಟ್ಟು ಕೇಳದೆ, ಇಷ್ಟು ತೆರಿಗೆಯಾದರೆ ಹೌದೋ ಅಲ್ಲವೋ ಎಂದು ಮತ ಕೇಳಿ ಎಂದು ಅದು 1993ರಲ್ಲಿ ಹೇಳಿತು. ನಾನೂ ಹಾಗೇ ಕೇಳುತ್ತೇನೆ, ಬಂದ ಅಂಕಿಯನ್ನು ಬೇರೆ ಸಾಲಿನಲ್ಲಿ ಇಡುತ್ತೇನೆ.

ಕೂಡಿಸುವ ಮೊದಲು ಎರಡೆರಡು ಸಲ ಎಣಿಸಿದ್ದನ್ನು ತೆಗೆಯಬೇಕು. ಕಾಂಡ್ಲಾ ಬೇರಿನಲ್ಲಿ ಮರಿಮೀನು ಬೆಳೆಯುವ ಬೆಲೆ ಬರೆದಿದ್ದರೆ, ಆ ಮೀನೇ ದೋಣಿಯ ನಷ್ಟದಲ್ಲೂ ಬಂದಿರುತ್ತದೆ. ಸರ್ಕಾರ ಕೊಟ್ಟ ಪರಿಹಾರ ನಷ್ಟವಲ್ಲ, ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ಹಣ. ಒಟ್ಟು ಮೊತ್ತವನ್ನು ಜಿಡಿಪಿಯ ಶೇಕಡಾ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಪಶ್ಚಿಮ ಆಫ್ರಿಕಾದ ಬೆನಿನ್, ಕೋತ್ ದಿವ್ವಾರ್ (ಐವರಿ ಕೋಸ್ಟ್), ಸೆನೆಗಲ್, ಟೋಗೋ ಕರಾವಳಿಗಳ 2017ರ ಹಾನಿಯನ್ನು ವಿಶ್ವಬ್ಯಾಂಕಿನ ಅಧ್ಯಯನ 380 ಕೋಟಿ ಡಾಲರ್, ಆ ದೇಶಗಳ ಜಿಡಿಪಿಯ ಶೇ. 5.3 ಎಂದಿತು. ಅದರರ್ಥ ಜಿಡಿಪಿ ಅಷ್ಟು ಕುಗ್ಗಿತು ಎಂದಲ್ಲ. ತಡೆಗೋಡೆಗೆ ಸುರಿದ ಹಣ ಜಿಡಿಪಿಯನ್ನು ಏರಿಸಿಯೇ ಇರುತ್ತದೆ.

ಬೆಲೆ ಕಟ್ಟಲಾಗದ್ದು ಕೊನೆಗೆ ಉಳಿಯುತ್ತದೆ: ಕಡಲಾಮೆ ಮೊಟ್ಟೆಯಿಡುವ ದಂಡೆ, ಮುಳುಗಿದ ಸ್ಮಶಾನ. ಅವುಗಳ ಉದ್ದ, ಸಂಖ್ಯೆ, ಹೆಕ್ಟೇರು ಬರೆದು ಹಣದ ಕಾಲಂ ಖಾಲಿ ಬಿಡುತ್ತೇನೆ. ಸೊನ್ನೆ ಹಾಕುವುದಿಲ್ಲ, ಓದುವವರು ಅದನ್ನು ಹಾನಿ ಇಲ್ಲವೆಂದೇ ತಿಳಿಯುತ್ತಾರೆ.