ಹಳೆಯ ಕಣದಲ್ಲಿ ಸ್ವಯಂಸೇವಕರಾಗುವುದು ಹೇಗೆ?

ಹಿಂದಿನವರ ಬೇಸಾಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡದೆ, ಉತ್ತು, ಬಿತ್ತಿ, ಒಕ್ಕಿ ತೋರಿಸುವ ಸಂಗ್ರಹಾಲಯಗಳು ಹೊರದೇಶಗಳಲ್ಲಿ ಹೊಸತಲ್ಲ. ಸ್ಟಾಕ್‌ಹೋಮಿನ ಸ್ಕಾನ್ಸೆನ್ 1891ರಲ್ಲೇ ಬಾಗಿಲು ತೆರೆಯಿತು. ಅಮೆರಿಕದ ಅಯೋವಾದಲ್ಲಿ ಲಿವಿಂಗ್ ಹಿಸ್ಟರಿ ಫಾರ್ಮ್ಸ್ 1970ರಲ್ಲಿ ಆರಂಭವಾಯಿತು. ಹಾಸನ ಜಿಲ್ಲೆಯ ಬಯಲು ಭಾಗದಲ್ಲಿ ರಾಗಿ ತೆನೆಯನ್ನು ಡಾಂಬರು ರಸ್ತೆಗೆ ಹರವಿ ಲಾರಿಗಳಿಂದ ಒಕ್ಕಿಸುವ ಈ ಕಾಲದಲ್ಲಿ, ತೆನೆ ಒಕ್ಕುವ ಹಳೆಯ ಕಣವನ್ನು ಉಳಿಸಿಕೊಂಡು ಶಾಲೆಯ ಮಕ್ಕಳಿಗೆ ತೋರಿಸಬಯಸುವ ರೈತರಿಗೆ ನೆರವಾಗಲು ಇಚ್ಛಿಸುವವರು ಹೀಗೆ ಸಿದ್ಧರಾಗಬಹುದು.

ಮೊದಲು ಕಾಲವನ್ನು ನಿಗದಿ ಮಾಡಿಕೊಳ್ಳಿ. ‘ಹಿಂದಿನ ಕಾಲ’ ಎಂದರೆ ಸಾಲದು. 1900ರ ಸುಮಾರಿನ ಕಣ ಎಂದು ರೈತರೊಡನೆ ಕೂತು ತೀರ್ಮಾನಿಸಿದರೆ ನೈಲಾನ್ ಹಗ್ಗ, ಪ್ಲಾಸ್ಟಿಕ್ ಬಿಂದಿಗೆ, ಪಾಲಿಯೆಸ್ಟರ್ ಸೀರೆ ಹೊರಗುಳಿಯಬೇಕಾಗುತ್ತದೆ. ಕನ್ನಡಕವನ್ನು ಮಾತ್ರ ತೆಗೆಯಬೇಡಿ. ಎತ್ತುಗಳ ನಡುವೆ ಕಣ್ಣು ಕಾಣದೆ ಓಡಾಡುವವರು ಯಾವ ಶತಮಾನಕ್ಕೂ ಬೇಡ.

ಎರಡನೆಯದಾಗಿ, ವಿವರಣೆ ಹೇಳುವುದಕ್ಕೆ ಮುಂಚೆ ಕೆಲಸ ಕಲಿಯಿರಿ. ಕಣದ ನೆಲವನ್ನು ಕೆರೆದು, ನೀರು ಹೊಯ್ದು, ಗಟ್ಟಿಯಾಗಿ ಬಡಿದು, ತೆಳ್ಳಗೆ ಕಲಸಿದ ಸಗಣಿಯಿಂದ ಸಾರಿಸಬೇಕು. ಒಣಗಿದ ಮೇಲೆ ಬಿರುಕು ಕಂಡರೆ ಮತ್ತೊಮ್ಮೆ ಸಾರಿಸಬೇಕು, ಏಕೆಂದರೆ ರಾಗಿಯಂಥ ಸಣ್ಣ ಕಾಳು ಬಿರುಕಿಗೆ ಇಳಿದರೆ ಮರಳಿ ಕೈಗೆ ಸಿಗುವುದಿಲ್ಲ. ತೆನೆ ಒಕ್ಕಲು ಎತ್ತುಗಳು ಎಳೆಯುವ ರೋಣಗಲ್ಲು ಉರುಳುವಾಗ ಎತ್ತು ಹೊಡೆಯುವವರ ಮಾತಿಲ್ಲದೆ ಸುತ್ತಿನೊಳಗೆ ಕಾಲಿಡಬಾರದು. ತೂರುವ ಕೆಲಸ ನೋಡಲು ಸುಲಭ, ಮಾಡಲು ಕಷ್ಟ: ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ, ಅಂಚನ್ನು ಸಣ್ಣಗೆ ಅಲುಗಿಸುತ್ತಾ ಕಾಳನ್ನು ಎಳೆಯಾಗಿ ಬಿಟ್ಟರೆ ರಾಗಿ ಕಾಲ ಬಳಿ ಬೀಳುತ್ತದೆ, ಹೊಟ್ಟು ಗಾಳಿಯ ದಿಕ್ಕಿಗೆ ಹಾರುತ್ತದೆ. ಒಮ್ಮೆಗೇ ಸುರಿದರೆ ಎರಡೂ ಒಂದೇ ರಾಶಿಗೆ ಬೀಳುತ್ತವೆ. ಗಾಳಿ ನಿಂತರೆ ಕೈಯೂ ನಿಲ್ಲಬೇಕು. ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಕಾಳು ಕೂಡಿಡುವ ನೆಲದೊಳಗಿನ ಗುಂಡಿಯಾದ ಹಗೇವನ್ನು ತೋರಿಸುವುದಾದರೆ ಎಚ್ಚರಿಕೆಗೆ ಎರಡನೆಯ ಮಾತಿಲ್ಲ. ಮುಚ್ಚಿದ ಗುಂಡಿಯಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕ ತಗ್ಗಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹುಳುವಿನಿಂದ ರಾಗಿಯನ್ನು ಕಾಯುವ ಆ ಗಾಳಿಯೇ ಒಳಗಿಳಿದ ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲದು. ಆದ್ದರಿಂದ ಸ್ವಯಂಸೇವಕರಾಗಲಿ ಮಕ್ಕಳಾಗಲಿ ಅದರೊಳಕ್ಕೆ ಇಳಿಯಕೂಡದು, ಬಾಯಿಗೆ ಬಗ್ಗಿಯೂ ನೋಡಕೂಡದು.

ವೇಷ ಹಾಕಿ ಹಳೆಯ ಕಾಲದವರಂತೆ ನಟಿಸುವುದು ಅನಗತ್ಯವೆಂದೇ ನನ್ನ ಅಭಿಪ್ರಾಯ. ಬಂದವರ ಕೈಗೆ ಮೊರ ಕೊಡಿ. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿಯನ್ನು ಊರಿನ ಹಿರಿಯರಿಂದಲೇ ಹೇಳಿಸಿ. ಅವರಿಗೆ ಅದು ಪಾಠವಲ್ಲ, ಬದುಕು.

ಒಕ್ಕಣೆ ಸಾಮಾನ್ಯವಾಗಿ ಕೊಯ್ಲು ಮುಗಿದು ಮೆದೆ ಒಟ್ಟಿದ ಮೇಲೆ, ಡಿಸೆಂಬರ್ ಜನವರಿಯ ಒಣ ದಿನಗಳಲ್ಲಿ ನಡೆಯುತ್ತದೆ. ಕಣ ಮಾಡುವುದರಿಂದಲೇ ಜೊತೆಗಿರಬೇಕೆನ್ನುವವರು ತೆನೆ ಬಲಿಯುವ ಹೊತ್ತಿಗೇ ರೈತರೊಡನೆ ಮಾತಾಡಿಕೊಂಡು, ಊಟ, ವಸತಿ ಮತ್ತು ಬರುವ ದಿನಗಳನ್ನು ಗೊತ್ತುಮಾಡಿಕೊಳ್ಳಬೇಕು.