ಲಾಭದಲ್ಲೊಂದು ಪಾಲು ಕಿರುಸಾಲಕ್ಕೆ: ಫೋಟೊ ನೋಡಿ ಮರುಳಾಗಬೇಡಿ

ಬೇರೆ ದೇಶದ ಬಡ ಉದ್ಯಮಿಗಳಿಗೆ ಕಿವಾ ಅನ್ನುವ ಲಾಭರಹಿತ ವೆಬ್‌ಸೈಟ್ ಮೂಲಕ ಸಾಲ ಕೊಡುವ ಸಣ್ಣ ವ್ಯಾಪಾರಿಗಳನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನಗುಮುಖದ ಫೋಟೊ ಕಂಡರೆ ಸಾಕು, ಬಟನ್ ಒತ್ತಿಬಿಡುತ್ತಾರೆ. ಆಮೇಲೆ "ಬಡ್ಡಿ ಎಲ್ಲಿ?" ಅಂತ ಕೇಳುತ್ತಾರೆ. ಬಡ್ಡಿ ಇಲ್ಲ. 2005ರಲ್ಲಿ ಶುರುವಾದ ಕಿವಾದಲ್ಲಿ ಸಾಲ ಕೊಟ್ಟವರಿಗೆ ಅಸಲಷ್ಟೇ ವಾಪಸ್, ಅದೂ ಬಂದರೆ.

ಮೊದಲು ಮೊತ್ತ ಗೊತ್ತು ಮಾಡಿಕೊಳ್ಳಿ. ಮುಳುಗಿದರೂ ನಿದ್ದೆ ಕೆಡದಷ್ಟು ಇರಲಿ. ಸಂಬಳದ ದುಡ್ಡು, ಸರಕು ತರುವ ದುಡ್ಡು ಬೇಡವೇ ಬೇಡ.

ನಂತರ ಖಾತೆ ತೆರೆಯಿರಿ. ಅದು ಸುಲಭ.

ಈಗ ಆಯ್ಕೆ. ಎಲ್ಲರೂ ಎಡವುವುದು ಇಲ್ಲೇ. ನಿಮ್ಮ ಡಾಲರ್ ನೇರವಾಗಿ ಫೋಟೊದಲ್ಲಿರುವ ಹೆಂಗಸಿನ ಕೈಗೆ ಹೋಗುತ್ತದೆ ಅಂದುಕೊಂಡಿದ್ದೀರಿ, ಅಲ್ವಾ? ಸಾಮಾನ್ಯವಾಗಿ ಅಲ್ಲಿನ ಕಿರುಸಾಲ ಸಂಸ್ಥೆಯೊಂದು ಆಕೆಗೆ ಮೊದಲೇ ಸಾಲ ಕೊಟ್ಟಿರುತ್ತದೆ. ನಿಮ್ಮ ಹಣ ಆ ಸಂಸ್ಥೆಯ ಖಾಲಿಯಾದ ಗಲ್ಲಾ ತುಂಬುತ್ತದೆ. 2009ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರೂಡ್‌ಮನ್ ಇದನ್ನು ಎತ್ತಿ ತೋರಿಸಿದ ಮೇಲೆ ಕಿವಾ ತನ್ನ ವಿವರಣೆಯನ್ನು ತಿದ್ದಿಕೊಂಡಿತು. ಹಾಗಾಗಿ ಸಾಲ ಪಡೆದವರು ಕೈಯೆತ್ತಿದರೂ ನಷ್ಟ, ಮಧ್ಯದ ಸಂಸ್ಥೆ ಮುಳುಗಿದರೂ ನಷ್ಟ.

ಅದಕ್ಕೇ ಮುಖ ಬಿಟ್ಟು ಸಂಸ್ಥೆಯ ವಿವರ ಓದಿ. ಅಪಾಯದ ರೇಟಿಂಗ್ ಎಷ್ಟು? ಹಿಂದೆ ಎಷ್ಟು ಸಾಲ ಮುಳುಗಿದೆ? ಪಡೆದವರಿಗೆ ಬೀಳುವ ವೆಚ್ಚ ಎಷ್ಟು? ನೀವು ಬಡ್ಡಿ ತೆಗೆದುಕೊಳ್ಳದಿದ್ದರೂ ಸಂಸ್ಥೆ ಆಕೆಯಿಂದ ತೆಗೆದುಕೊಳ್ಳಬಹುದು. ಹಳ್ಳಿ ಹಳ್ಳಿ ಸುತ್ತಿ ಚಿಲ್ಲರೆ ಕಂತು ವಸೂಲಿ ಮಾಡಲು ಖರ್ಚಿದೆ, ಒಪ್ಪೋಣ. ಆದರೂ ಅದೇ ದೇಶದ ಇನ್ನೊಂದು ಸಂಸ್ಥೆಯ ಜೊತೆ ಹೋಲಿಸಿ. ಕಾರಣವಿಲ್ಲದೆ ಜಾಸ್ತಿ ಅನ್ನಿಸಿದರೆ ಅದನ್ನು ಬಿಟ್ಟು ಬೇರೆ ನೋಡಿ.

ಮರುಪಾವತಿ ಹೇಗೆ ಅಂತಲೂ ನೋಡಿ. ರೈತರ ಸಾಲದ ಹಣ ಎಷ್ಟೋ ಸಲ ಸುಗ್ಗಿ ಮುಗಿದ ಮೇಲೆ ಒಟ್ಟಿಗೆ ಬರುತ್ತದೆ, ಅಂಗಡಿಯವರದು ತಿಂಗಳ ಕಂತು. ಮೊದಲ ಸಲಕ್ಕೆ ತಿಂಗಳ ಕಂತಿನ, ಒಂದು ವರ್ಷದೊಳಗೆ ಮುಗಿಯುವ ಸಾಲವನ್ನೇ ಹಿಡಿಯಿರಿ. ಆ ದೇಶದ ಕರೆನ್ಸಿ ಬೆಲೆ ಕುಸಿದರೆ ನಷ್ಟ ಯಾರದ್ದು ಅನ್ನುವ ವಿವರವನ್ನೂ ಓದದೆ ಬಿಡಬೇಡಿ.

ಒಬ್ಬರಿಗೇ 250 ಡಾಲರ್ ಸುರಿಯಬೇಡಿ. ಒಂದು ಸಾಲಕ್ಕೆ ಸಾಮಾನ್ಯವಾಗಿ 25 ಡಾಲರ್ ಸಾಕು. ಹತ್ತು ಜನಕ್ಕೆ, ಬೇರೆ ಬೇರೆ ಸಂಸ್ಥೆಗಳ ಮೂಲಕ ಹಂಚಿ. ತಾನಾಗಿಯೇ ಸಾಲ ಆರಿಸುವ ಸೌಲಭ್ಯವೂ ಇದೆ. ನನಗದು ಇಷ್ಟವಿಲ್ಲ. ಕೆಲಸಗಾರರನ್ನು ಕೂರಿಸಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಆರಿಸಲು ಬಿಡಿ. ಇನ್ನು "ಬಡವರಿಗೂ ನೆರವು, ನಿಮಗೂ ಭಾರಿ ಬಡ್ಡಿ" ಅಂತ ಕರೆಯುವ ಆ್ಯಪ್‌ಗಳ ಸಹವಾಸವೇ ಬೇಡ.

ಹಣ ಕಟ್ಟುವಾಗ ಕಿವಾ ತನ್ನ ಖರ್ಚಿಗೂ ಕೊಡುಗೆ ಕೇಳುತ್ತದೆ. ಕೊಡುವುದು ಬಿಡುವುದು ನಿಮ್ಮಿಷ್ಟ. ಕೊಟ್ಟದ್ದು ವಾಪಸ್ ಬರುವುದಿಲ್ಲ.

ಲೆಕ್ಕದ ಪುಸ್ತಕದಲ್ಲಿ ಸಾಲವನ್ನು ದಾನ ಅಂತ ಬರೆಯಬೇಡಿ, ಬರಬೇಕಾದ ಬಾಕಿ ಅಂತ ಬರೆಯಿರಿ. ಗಿರಾಕಿಗಳಿಗೂ "ದಾನ ಮಾಡಿದೆವು" ಅಂತ ಬೋರ್ಡ್ ಹಾಕಬೇಡಿ. ವಾಪಸ್ ಬರುವ ದುಡ್ಡದು.

12 ತಿಂಗಳ ಸಾಲವಾದರೆ 25 ಡಾಲರಿಗೆ ತಿಂಗಳಿಗೆ 2 ಡಾಲರ್ ಚಿಲ್ಲರೆ ಬರುತ್ತದೆ. ಅದನ್ನು ಮರೆತು ಖಾತೆಯಲ್ಲೇ ಸುಮ್ನೆ ಕೊಳೆಸುವವರೇ ಜಾಸ್ತಿ. ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, 25 ಸೇರಿದ್ದರೆ ಇನ್ನೊಬ್ಬರಿಗೆ ಕೊಡಿ.